ಬೆಳಗಿನ ಗೂಬೆಯ ಮೂಲೆ ಸುದ್ದಿ

ಇಲ್ಲ ಸ್ವಾಮಿ, ನಾನು ಬಂದದ್ದೇ ಆ ಕಡೆಯಿಂದ. ಅಲ್ಲಿ ನೀರಿನ ಟ್ಯಾಂಕು, ಟ್ಯಾಂಕಿನ ಹಿಂದೆ ಇಂಥದೇ ಒಂದು ಕಟ್ಟಡ, ಅದರ ಹಿಂದೆ ಅದರ ತಮ್ಮ. ಎಲ್ಲ ಒಂದೇ ಎರಕದಲ್ಲಿ ಹೊಯ್ದ ಹಾಗಿವೆ. ಪತ್ರಿಕೆ ಆಫೀಸಿನಲ್ಲಿದ್ದ ಹಿರಿಯರೊಬ್ಬರು ಇರೋ ಕಟ್ಟಡ ಯಾವುದಮ್ಮ ಅಂತ ಕೇಳಿದರೆ ಒಬ್ಬಾಕೆ ಎಡಕ್ಕೆ ಕೈ ತೋರಿಸಿದಳು, ಇನ್ನೊಬ್ಬ ಬಲಕ್ಕೆ, ಮತ್ತೊಬ್ಬ ಆಕಾಶ ನೋಡಿ ಕೈ ಮುಗಿದ. ಎತ್ತು ಏರಿಗೆ, ಕೋಣ ನೀರಿಗೆ. ನೀವು ನೋಡಿದರೆ ಬೆನ್ನು ಹಾಕಿಕೊಂಡೇ ಬೆರಳು ತೋರಿಸ್ತಿದೀರಿ... ಸ್ವಲ್ಪ ಈ ಕಡೆ ತಿರುಗಿ ಹೇಳಿದರೆ ಪುಣ್ಯ ಬರುತ್ತೆ...

ಅಯ್ಯೋ. ಅಣ್ಣ. ನೀನೇನಾ?

ನಿನ್ನ ಬೆನ್ನು ಗುರುತು ಸಿಗಲಿಲ್ಲ ನೋಡು. ಇಷ್ಟು ಬಾಗಿರಲಿಲ್ಲ ಅದು. ...ಯಾಕೆ ನಗ್ತೀಯ? ಹಳದಿ ಛತ್ರಿ ಎತ್ತಿ ಹಿಡಿದು, ಬಸ್ಸುಗಟ್ಟಲೆ ಪ್ರವಾಸಿಗಳನ್ನ ಕಂಡು ಕೇಳರಿಯದ ಊರುಗಳಲ್ಲಿ ಸುತ್ತಿಸೋ ಗೈಡಮ್ಮ, ಒಡಹುಟ್ಟಿದ ಅಣ್ಣನ ಮನೆ ಬಾಗಿಲಲ್ಲಿ ದಾರಿ ತಪ್ಪಿದಳು ಅಂತ ತಾನೇ? ನಗು, ನಗು. ...ಓ. ನಗ್ತಾ ಇಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದು. ಸರಿ.

ಇಲ್ಲಿ ಯಾಕೆ ಕೂತಿದೀಯ, ಈ ಟಪಾಲು ಡಬ್ಬಿಗಳ ಎದುರಿಗೆ? ...ಅಂಚೆಯವನು ಬಂದು ಹೋದನಾ? ...ಗೊತ್ತಾಯ್ತು ಬಿಡು. ನಾನು ಬರೆದು ಕಳಿಸೋ ಪತ್ರಿಕೆ, ನಮ್ಮ ಗೂಬೆ, ಬರುತ್ತೆ ಅಂತ ಕಾಯ್ತಿದೀಯ. ದಿನಾ ಹೀಗೇ ಕೂರ್ತೀಯಾ? ನಾನು ತಿಂಗಳಿಗೊಂದು ಕಳಿಸಿದರೆ ಹೆಚ್ಚು, ನೀನು ದಿನಾ ಕೂತರೆ ದಿನಾ ಬರುತ್ತಾ?

ಬಂತು, ಬಿಡು. ಈ ಸಲದ ಗೂಬೆ ತನ್ನ ಕಾಲ ಮೇಲೇ ನಡಕೊಂಡು ಬಂದಿದೆ. ಚೀಲದಲ್ಲಿದೆ. ...ಹಾಗ್ಯಾಕೆ ನೋಡ್ತೀಯ? ಈ ಕಡೆ ಬರೋದಿತ್ತು, ಅಂಚೆಗೆ ಯಾಕೆ ಹಾಕಬೇಕು, ಕೈಯಲ್ಲೇ ಕೊಟ್ಟರಾಯ್ತು ಅಂತ ತಂದೆ. ಅಷ್ಟೇ. ಅದಕ್ಕೆ ಅಂಥ ಅರ್ಥ ಎಲ್ಲ ಹಚ್ಚಬೇಡ.

ಎದ್ದೆಯಲ್ಲ, ಮೇಲಕ್ಕಾ? ನಡಿ. ಲಿಫ್ಟು... ಹೋದ ಸಲವೂ ಕೆಟ್ಟಿತ್ತು. ದುರಸ್ತಿಯಲ್ಲಿದೆ ಅನ್ನೋ ಬೋರ್ಡಿಗೇ ಈಗ ದುರಸ್ತಿ ಬೇಕು. ...ಬೇಡ, ಚೀಲ ನಾನೇ ಹಿಡ್ಕೊಳ್ತೀನಿ. ಬೇಡ ಅಂದೆನಲ್ಲ. ಏನು ಭಾರ, ನಾಲ್ಕು ಬಟ್ಟೆ, ಒಂದು ಗೂಬೆ. ನೀನು ಕಂಬಿ ಹಿಡ್ಕೊಂಡು ಹತ್ತು.

ನೋಡು, ಈ ಮನೆಯವರು ಇನ್ನೂ ಪೇಪರ್ ಎತ್ತಿಕೊಂಡಿಲ್ಲ, ಗ್ರಿಲ್ಲಿಗೆ ಸಿಕ್ಕಿಸಿದ ಹಾಗೇ ಇದೆ. ಹಣೆ ಮೇಲೆ ಎರಡು ನಕ್ಷತ್ರ. ಈಗಲೂ ಹಾಕ್ತಾರಾ? ನಿನ್ನ ರಾತ್ರಿ ಪಾಳಿ ಕಾಲದ್ದು ಅಂದುಕೊಂಡಿದ್ದೆ. ದೂರದೂರಿನ ಬಸ್ಸಿಗೆ ಹೋಗೋ ಮೊದಲ ಮುದ್ರಣಕ್ಕೆ ಒಂದು ನಕ್ಷತ್ರ. ಆ ಬಸ್ಸು ಹೊರಟ ಮೇಲೆ ಬಂದ ಸುದ್ದಿ ಸೇರಿಸಿ, ತಿದ್ದಿ ಅಚ್ಚು ಮಾಡೋ ಎರಡನೇದಕ್ಕೆ ಎರಡು. ನಮ್ಮ ಸೋದರತ್ತೆ ಊರಿಗೆ ಯಾವತ್ತೂ ಒಂದು ನಕ್ಷತ್ರದ್ದೇ. ಇಲ್ಲಿ ನಾವು ಮಂತ್ರಿ ಸತ್ತರು ಅಂತ ಓದ್ತಿದ್ರೆ ಅಲ್ಲಿ ಅತ್ತೆ, ಮಂತ್ರಿ ಚೇತರಿಸಿಕೊಳ್ತಿದ್ದಾರೆ ಅಂತ ಓದಿ ನೆಮ್ಮದಿಯಾಗಿರ್ತಿದ್ದಳು. 'ನಿಮ್ಮೂರ ಪೇಪರು ಜನರನ್ನ ಅವಸರದಲ್ಲಿ ಸಾಯಿಸುತ್ತೆ ಕಣ್ರೋ, ನಮ್ಮದೇ ವಾಸಿ' ಅಂತಿದ್ದಳಲ್ಲ. ...ಯಾಕೆ ಹೇಳಿದೆ ಅಂದ್ರೆ... ಯಾಕೂ ಇಲ್ಲ. ಪೇಪರ್ ಕಂಡಿತು, ಬಾಯಿಗೆ ಬಂತು. ನನ್ನ ಬಾಯಿ ಗೊತ್ತಲ್ಲ, ಕಾಲಿಗಿಂತ ಅದಕ್ಕೇ ಚಕ್ರ ಜಾಸ್ತಿ.

ಉಸ್... ಬಂತು. ಬಾಗಿಲಿಗೆ ಬೀಗ ಹಾಕಿಲ್ಲ. ಹಾಕೋದೇ ಇಲ್ವಾ? ...ಯಾರಾದರೂ ಬಂದರೆ ಅಂತ. ಹೂಂ.

ಮೇಜು ಹಾಗೇ ಇದೆ. ಗಾಜಿನ ಕೆಳಗೆ ಭಾನುವಾರದ ಆಟಕ್ಕೆ ನೀನು ಬರೆದ ನಕ್ಷೆ, ಅದೇ ಮೂರು ಸೇತುವೆಯ ಊರು, ನೀಲಿ ಪೆನ್ಸಿಲಿನ ನದಿ. ಅಲ್ಲಿ ಕರಡು ಮಾವನ ಕುರ್ಚಿ, ಕೂತರೆ ಕಿರುಗುಟ್ಟೋದು. ಆಟದಲ್ಲಿ ಮಹಾ ಮಾಂತ್ರಿಕ, ಆಫೀಸಿನಲ್ಲಿ ಕರಡು ತಿದ್ದೋನು. ಮಂತ್ರ ಹಾಕುವಾಗಲೂ ಎದುರಿಗಿದ್ದವನ ಕಾಗುಣಿತ ತಿದ್ದುತ್ತಿದ್ದ. ಇಲ್ಲಿ ದರ್ಜಿ ಅಕ್ಕ, ಆ ಊರಿನ ದೊಡ್ಡ ಕಳ್ಳಿ. ಕಿಟಕಿ ಕಡೆಯದು... ಕಿಟಕಿ ಕಡೆಯದು ನಮ್ಮ ಬುಗುರಿದು. ನಿಂತಲ್ಲಿ ನಿಲ್ಲದ ಮಗಳಿಗೆ ಸರಿಯಾದ ಹೆಸರೇ ಇಟ್ಟಿದ್ದಳು ಅತ್ತಿಗೆ. ಬುಗುರಿದು ಅಂಬಿಗಿತ್ತಿ ವೇಷ. ಅವಳ ಆಟದ ಕಾಯಿ, ಆ ನೀಲಿ ಅಂಗಿ ಗುಂಡಿ, ನದಿ ದಡದಲ್ಲೇ ಇದೆ. ಮೇಜು ಒರೆಸುವಾಗಲೂ ಎತ್ತಲ್ವಾ? ...ಸುತ್ತ ಒರೆಸ್ತೀಯಾ. ಸರಿ.

ಇದು ದಾಳದ ಡಬ್ಬಿ. ಅವಳು ಚಿಕ್ಕವಳಿದ್ದಾಗ ಪೆಪ್ಪರ್ಮೆಂಟು ಅಂತ ಕಚ್ಚಿದ್ದ ಇಪ್ಪತ್ತು ಮುಖದ ದಾಳ ಇದರಲ್ಲಿಲ್ಲ. ...ಗೊತ್ತು, ಹೊರಡುವಾಗ ಅವಳೇ ಒಯ್ದಳು ಅಂತ. ಸುಮ್ಮನೆ ಅಂದೆ.

ಕೂತ್ಕೋ. ಒಂದು ತಮಾಷೆ ಹೇಳ್ತೀನಿ ಕೇಳು. ಈ ಸಲ ಗಡಿ ದಾಟುವಾಗ ಒಬ್ಬ ಅಧಿಕಾರಿ ಚೀಲ ಬಿಚ್ಚಿಸಿದ. ಕೈಗೆ ಸಿಕ್ಕಿದ್ದೇ ಗೂಬೆ. 'ಬೆಳಗಿನ ಗೂಬೆ'ಯಂತೆ, ಇದು ಯಾವ ದೇಶದ ಪತ್ರಿಕೆ ಅಂದ. ಇಲ್ಲದ ದೇಶದ್ದು ಅಂದೆ. ಇಲ್ಲದ ದೇಶದಲ್ಲಿ ಪತ್ರಿಕಾ ಸ್ವಾತಂತ್ರ್ಯ ಇದೆಯಾ ಅಂದ. ಅಲ್ಲಿ ಮಾತ್ರ ಇದೆ ಅಂದೆ. ...ನಕ್ಕಿದ್ದರೆ ಏನು ಹೋಗ್ತಿತ್ತು ನಿನಗೆ? ಅವನು ನಕ್ಕ.

ಮತ್ತೆ ಅವನಿಗೆ ಎಲ್ಲ ಬಿಡಿಸಿ ಹೇಳಬೇಕಾಯ್ತು. ನೋಡಿ ಸಾರ್, ಒಂದು ಮೇಜು, ಸುತ್ತ ಜನ. ನಮ್ಮಣ್ಣ ಕಥೆ ನಡೆಸ್ತಾನೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗಿ ಮಾತಾಡ್ತಾರೆ. ಬಾಗಿಲು ಮುರೀತೀಯಾ ಇಲ್ವಾ, ನದಿ ದಾಟ್ತೀಯಾ ಮುಳುಗ್ತೀಯಾ, ಅದನ್ನ ದಾಳ ಹೇಳುತ್ತೆ. ಅತ್ತಿಗೆ ತೀರಿಕೊಂಡ ವರ್ಷ, ಮಗಳು ಮನೆಯಲ್ಲಿ ಮಾತು ಬಿಟ್ಟಳು ಅಂತ ಶುರು ಮಾಡಿದ ಆಟ. ಪ್ರತಿ ಭಾನುವಾರ ಆಟಕ್ಕೆ ಮುಂಚೆ ಮೇಜಿನ ಮೇಲೆ ಆ ಊರಿನ ಪತ್ರಿಕೆ ಇರ್ತಿತ್ತು, ಒಂದೇ ಹಾಳೆ. ಹೋದ ವಾರ ಇವರೆಲ್ಲ ಮಾಡಿದ ಘನಕಾರ್ಯ ಅದರಲ್ಲಿ ಸುದ್ದಿ. ದರ್ಜಿ ಅಕ್ಕ ಮೇಯರನ ಬಾತುಕೋಳಿ ಕದ್ದರೆ ಮುಂದಿನ ವಾರ ಬಾತುಕೋಳಿ ಬಗ್ಗೆ ಸಂಪಾದಕೀಯ, ಅದರ ಮುಂದಿನ ವಾರ ಬಾತುಕೋಳಿಯ ತಾಯಿಯ ಮನವಿ. ಅದನ್ನ ಓದಿಯೇ ಇವರು ಎಲ್ಲಿಗೆ ಹೋಗೋಣ, ಯಾರನ್ನ ನಂಬೋಣ ಅಂತ ತೀರ್ಮಾನ ಮಾಡ್ತಿದ್ದರು. ಗೆಲ್ಲೋರು ಯಾರು ಅಂದ. ಗೆಲ್ಲೋದಿಲ್ಲ ಸಾರ್, ಮುಂದಿನ ವಾರ ಮತ್ತೆ ಬಂದು ಕೂರೋದೇ ಗೆಲುವು ಅಂದೆ.

ಆಮೇಲೆ ಅವನು ಬೆರಳಿಟ್ಟು ಕೇಳಿದ. ಕೆಳಗೆ ಬಲಗಡೆ ಮೂಲೆಯಲ್ಲಿ ಈ ಕಪ್ಪು ಗೆರೆ ಚೌಕ ಏನು ಅಂತ. ನಿನ್ನ ಮಾತೇ ಹೇಳಿದೆ. ಮೇಲಿನದೆಲ್ಲ ಗಾಳಿಮಾತು ಇರಬಹುದು, ಕಾಸು ಕೊಟ್ಟು ಹಾಕಿಸಿದ್ದಿರಬಹುದು. ಮೂಲೆ ಚೌಕದಲ್ಲಿ ಬಂದದ್ದು ಮಾತ್ರ ನಿಜ. ಅಲ್ಲಿ ಬಂದ ಮೇಲೆ ಕಥೆ ನಡೆಸೋನೂ ಬದಲಾಯಿಸೋ ಹಾಗಿಲ್ಲ. ಖಾತ್ರಿ ಇಲ್ಲದ ವಾರ 'ಈ ವಾರ ಖಚಿತ ಸುದ್ದಿ ಇಲ್ಲ' ಅಂತ ಹಾಕಿ ಸುಮ್ಮನಾಗಬೇಕು. ಮೂಲೆಯಲ್ಲಿ ಸುಳ್ಳು ಬಂದ ದಿನ ಆಟ ಮುಗೀತು. ...ಅಲ್ವಾ? ಹಾಗೇ ತಾನೇ ನೀನು ಹೇಳ್ತಿದ್ದದ್ದು?

ಹಾಗಾದರೆ ಈ ವಾರ ಮೂಲೆಯಲ್ಲಿ ಏನಿದೆ ಅಂತ ಕೇಳಿದ ಅವನು. ...ಅಷ್ಟರಲ್ಲಿ ಹಿಂದೆ ನಿಂತವರು ಗಲಾಟೆ ಮಾಡಿದರು, ಮುದ್ರೆ ಒತ್ತಿ ಕಳಿಸಿಬಿಟ್ಟ.

ಕೊಡ್ತೀನಿ, ಕೊಡ್ತೀನಿ. ಗೂಬೆ ಎಲ್ಲಿಗೂ ಹಾರಿ ಹೋಗಲ್ಲ. ಕನ್ನಡಕ ಹಾಕ್ಕೊಳ್ಳೋವರೆಗೂ ಇನ್ನೊಂದು ಹೇಳಿಬಿಡ್ತೀನಿ. ಬಸ್ ನಿಲ್ದಾಣದಲ್ಲಿ ದರ್ಜಿ ಅಕ್ಕ ಸಿಕ್ಕಿದ್ದಳು. ಹೊಲಿಗೆ ಬಿಟ್ಟಿದ್ದಾಳೆ, ಕಣ್ಣು ಮಂಜು. ನನ್ನ ಕೈ ಹಿಡಿದು, 'ಇನ್ನೂ ಆ ಪೇಪರ್ ಕಳಿಸ್ತೀಯೇನೇ? ನೀವು ಅಣ್ಣ ತಂಗಿ ಇಬ್ಬರಿಗೂ ತಲೆ ಕೆಟ್ಟಿದೆ. ಆ ಹುಡುಗಿ ದೊಡ್ಡ ನದಿಯ ದೋಣಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದು ಲೋಕಕ್ಕೇ ಗೊತ್ತು, ಆ ದೋಣಿ ಮಗುಚಿದ್ದೂ ಲೋಕಕ್ಕೇ ಗೊತ್ತು. ಇನ್ನೇನು ಬೇಕು?' ಅಂದಳು. ನಾನು ನಿಂತಲ್ಲೇ ಜಗಳಕ್ಕೆ ಬಿದ್ದೆ. ಅವತ್ತು ಆ ದೋಣಿಯಲ್ಲಿ ಯಾರ್ಯಾರಿದ್ದರು ಅಂತ ಕಂಪನಿಗೇ ಗೊತ್ತಿಲ್ಲ ಅಂದೆ. ಅವಳು ಬೇರೆ ದೋಣಿಗೆ ಬದಲಾಗಿರಬಹುದು, ಕೆಲಸ ಬಿಟ್ಟು ಇನ್ನೆಲ್ಲಿಗೋ ಹೋಗಿರಬಹುದು, ನನ್ನ ಸೋದರಸೊಸೆ ತಾನೇ, ಹೇಳದೆ ಕೇಳದೆ ಹೊರಡೋದು ನಮ್ಮ ಮನೆತನದ ರೋಗ ಅಂದೆ. ಜನ ನಿಂತು ನೋಡ್ತಿದ್ದರು. ಅವಳು ಕಣ್ಣೊರೆಸಿಕೊಂಡು, 'ಭಾನುವಾರ ಕರೆದರೆ ಬರ್ತೀನಿ, ಹೇಳು ಅವನಿಗೆ' ಅಂದಳು. ...ಕರೀತೀಯಾ? ...ಇಲ್ಲ. ನಾನೂ ಹಾಗೇ ಹೇಳಿದೆ. ಅವನು ಕರಿಯಲ್ಲ ಅಕ್ಕ ಅಂತ.

ಕಂಪನಿಯವರ ಕಾಗದ ನೀನು ಹರಿದು ಹಾಕಿದ್ದು ನನ್ನ ಕಣ್ಣೆದುರಿಗೇ. 'ಇದ್ದಿರಬಹುದೆಂದು ಊಹಿಸಲಾಗಿದೆ' ಅಂತ ಬರೆದಿದ್ದರು. ಊಹೆಯನ್ನ ಸುದ್ದಿ ಅನ್ನಲ್ಲ ಅಂದೆ ನೀನು. ನಾನು ಪತ್ರಿಕೆಯವನು, ಅಂದೆ. ಆಟ ನಿಲ್ಲಿಸಿದೆ, ಗೂಬೆ ನನ್ನ ಕೈಗೆ ಕೊಟ್ಟೆ. 'ನೀನು ಹೇಗೂ ಊರೂರು ತಿರುಗ್ತೀಯ, ನೀನು ನಡೆಸು. ಫೋನ್ ಮಾಡಬೇಡ, ಅಳ್ತಾ ಬಂದು ನಿಲ್ಲಬೇಡ. ಗೊತ್ತಾದ ದಿನ ಮೂಲೆಯಲ್ಲಿ ಹಾಕು. ಅಲ್ಲಿ ಬಂದರೆ ನಂಬ್ತೀನಿ' ಅಂದೆ ನೀನು. ನಾನು ತಲೆ ಮುಟ್ಟಿ ಆಣೆ ಮಾಡಿದೆ. ನಿನ್ನ ತಲೆಯನ್ನೇ. ಎಷ್ಟು ಕೂದಲಿತ್ತು ಆಗ.

ಅಂದಿನಿಂದ ಎಷ್ಟು ಗೂಬೆ ಹಾರಿಸಿದೆ, ಎಲ್ಲೆಲ್ಲಿಂದ. ಪ್ರವಾಸಿಗಳು ಮ್ಯೂಸಿಯಂ ನೋಡ್ತಿದ್ರೆ ನಾನು ಮೆಟ್ಟಿಲ ಮೇಲೆ ಕೂತು ಸಂಪಾದಕೀಯ ಬರೀತಿದ್ದೆ. ಎಲ್ಲದರ ಮೂಲೆಯಲ್ಲೂ ಅದೇ ಸಾಲು. ನಾನು ಆ ಸಾಲನ್ನ ಎಷ್ಟು ಪ್ರೀತಿಸಿದೆ ಅಂದ್ರೆ... ಇರಲಿ.

ತಗೋ. ಬೆಳಗಿನ ಗೂಬೆ. ಕೊಡು, ಕೊಡು, ನಾನೇ ಓದ್ತೀನಿ, ನಿನಗೆ ಅಕ್ಷರ ಸಣ್ಣ ಆಗುತ್ತೆ. ಝೆರಾಕ್ಸ್ ಅಂಗಡಿಯವನು ಜಿಪುಣ, ಅರ್ಧ ಹಾಳೆಗೆ ಇಳಿಸಿಬಿಟ್ಟ. ಮುಖ್ಯ ಸುದ್ದಿ: 'ಮೂರನೇ ಸೇತುವೆ ಮೇಲೆ ರಾಕ್ಷಸ ನಿದ್ದೆ; ಎಬ್ಬಿಸಲು ಟೆಂಡರ್ ಕರೆದ ಪುರಸಭೆ.' ಇದು ನಿಜಕ್ಕೂ ನಾನು ಕಂಡದ್ದು ಗೊತ್ತಾ, ರಾಕ್ಷಸ ಅಲ್ಲ, ಲಾರಿ. ಸೇತುವೆ ಮಧ್ಯೆ ಕೆಟ್ಟು ನಿಂತಿತ್ತು, ಎರಡು ಕಡೆಯ ಪುರಸಭೆಯೂ ನಮ್ಮದಲ್ಲ ಅಂತಿದ್ದರು. 'ಡ್ರ್ಯಾಗನ್‌ಗೆ ವಯೋಸಹಜ ನಿಶ್ಶಕ್ತಿ. ಬಾಯಿಂದ ಹೊಗೆ ಮಾತ್ರ. ಊರಿನವರಿಂದ ಸೀಮೆಎಣ್ಣೆ ಚಂದಾ.' ಕಳೆದುಹೋಗಿದೆ: 'ಮಾಂತ್ರಿಕನೊಬ್ಬನ ನೆರಳು. ಸಿಕ್ಕವರು ದಯವಿಟ್ಟು ಬಿಸಿಲಿರುವಾಗಲೇ ತಂದುಕೊಡಿ.' ಕರಡು ಮಾವನಿಗೆ ಹಾಕಿದ್ದು ಇದು. ವರ ಬೇಕಾಗಿದ್ದಾನೆ: 'ಬೇತಾಳನಾದರೂ ಸರಿ, ತಲೆಕೆಳಗಾಗಿ ನೇತಾಡಿಕೊಂಡು ಅತ್ತೆಯ ಮೇಲೆ ಕಥೆ ಹೇಳುವವನು ಬೇಡ.' ತಿದ್ದುಪಡಿ: 'ಮೇಯರರು ಕಪ್ಪೆಯಾದರೆಂದು ಕಳೆದ ಸಂಚಿಕೆಯಲ್ಲಿ ತಪ್ಪಾಗಿ ಪ್ರಕಟವಾಗಿತ್ತು. ಮೊದಲಿನಿಂದಲೂ ಕಪ್ಪೆಯೇ ಎಂದು ಓದಿಕೊಳ್ಳಬೇಕು. ತಪ್ಪಿಗೆ ವಿಷಾದಿಸುತ್ತೇವೆ.' ...ಇದಕ್ಕಾದರೂ ನಗಬಹುದಿತ್ತು. ಮೂಲೆಯಲ್ಲಿ, 'ಈ ವಾರ ಖಚಿತ ಸುದ್ದಿ ಇಲ್ಲ.' ಅಷ್ಟೇ. ಮುಗೀತು. ಟೀ ಪುಡಿ ಎಲ್ಲಿಟ್ಟಿದೀಯ? ನಾನೇ ಇಡ್ತೀನಿ, ನೀನು ಕೂತಿರು.

...ಏನು ನೋಡ್ತಿದೀಯ ಅಷ್ಟು ಹತ್ತಿರ ಹಿಡಿದು? ಓದಿ ಹೇಳಿದೆನಲ್ಲ. ಮೂಲೆಯಲ್ಲಿ ಅದೇ ಇದೆ. ...ಮೂಲೆ ನೋಡ್ತಿಲ್ವಾ? ಮೇಲೆ ಏನಿದೆ? ಗೂಬೆ ಚಿತ್ರ, ಹೆಸರು. ಅದರ ಪಕ್ಕ...

ಅದು ಚುಕ್ಕೆ. ಝೆರಾಕ್ಸ್ ಯಂತ್ರದ ಕೊಳೆ ಇರಬೇಕು.

ಅಣ್ಣ, ಬೆರಳು ತೆಗೆ. ಕೊಳೆ ಅಂದೆನಲ್ಲ.

...ಹೌದು. ನಕ್ಷತ್ರ. ಒಂದೇ ನಕ್ಷತ್ರ. ಗೂಬೆಗೆ ಯಾವತ್ತೂ ನಕ್ಷತ್ರ ಇರಲಿಲ್ಲ, ಒಂದೇ ಮುದ್ರಣ, ಯಾಕಿರಬೇಕು. ನಾನೇ ಹಾಕಿದ್ದು. ಅಂಗಡಿಯಲ್ಲಿ ನಿಂತು, ಕಲಸಿ ಹೋಗಬಾರದು ಅಂತ, ಕೈ ತಾನಾಗೇ ಹಾಕಿಬಿಡ್ತು. ನೀನು ಕಲಿಸಿದ ಕೈ. ನೋಡು, ಜಗತ್ತಿನಲ್ಲಿ ಇನ್ಯಾರಾದರೂ ಆಗಿದ್ದರೆ ಅದು ಚುಕ್ಕೆಯೇ ಆಗಿರ್ತಿತ್ತು.

ಕೈ ಯಾಕೆ ಚಾಚಿದೀಯ? ಕೊಟ್ಟೆನಲ್ಲ. ಇನ್ನೊಂದು ಇಲ್ಲ.

ಹಾಗೆ ಸುಮ್ಮನೆ ಕೈ ಚಾಚಿಕೊಂಡು ಕೂರಬೇಡ. ಬೈಯ್ಯಿ. ಮೂಲೆಯಲ್ಲಿ ಸುಳ್ಳು ಹಾಕಿದೆಯಲ್ಲ ಅಂತ ಬೈಯ್ಯಿ.

...ನಾನು ದಾರಿ ತಪ್ಪಿರಲಿಲ್ಲ. ಕಟ್ಟಡ ಗೊತ್ತಿತ್ತು. ನಾನೇನು ಮೊದಲ ಸಲ ಬರ್ತಿದೀನಾ? ಟ್ಯಾಂಕು ಸುತ್ತಿದೆ, ಮತ್ತೆ ಸುತ್ತಿದೆ. ಎರಡರಲ್ಲಿ ಯಾವುದು ಕೊಡೋದು ಅಂತ ನಡೀತಾ ತೀರ್ಮಾನ ಆಗುತ್ತೆ ಅಂದುಕೊಂಡೆ. ಆಗಲಿಲ್ಲ. ಬೆನ್ನು ಹಾಕಿ ಕೂತ ಯಾರೋ ಮುದುಕನ್ನ ದಾರಿ ಕೇಳಿದರೆ ಇನ್ನೂ ಸ್ವಲ್ಪ ಹೊತ್ತು ಸಿಗುತ್ತೆ ಅಂತ ಕೇಳಿದೆ. ನೀನೇ ಆಗಿಬಿಟ್ಟೆ.

ಪ್ರವಾಸದವರನ್ನ ಹೋಟೆಲಿಗೆ ಬಿಟ್ಟು ನದಿ ದಂಡೆಯ ಆ ದೋಣಿ ಕಂಪನಿ ಆಫೀಸಿಗೆ ಹೋದೆ, ಪ್ರತಿ ಸಲದ ಹಾಗೆ. ಈ ಸಲ ಹೊಸ ಗುಮಾಸ್ತೆ. ಪಾಪ, ಒಳ್ಳೆಯವಳು. ದಿಕ್ಕಿಲ್ಲದವರ ವಸ್ತು ಒಂದು ಪೆಟ್ಟಿಗೆ ಇದೆ, ಹಳಬರು ತೋರಿಸಿದರಾ ಅಂದಳು. ತೋರಿಸಿರಲಿಲ್ಲ. ಬಾಚಣಿಗೆ, ಕೀಲಿ, ಒಂದು ಕಿವಿಯ ಓಲೆ. ಒಂದು ಸಣ್ಣ ಪೊಟ್ಟಣದ ಮೇಲೆ 'ಮಣಿ' ಅಂತ ಬರೆದಿದ್ದರು. ತುಂಬಾ ಮುಖದ್ದು, ಅಂಕಿ ಕೆತ್ತಿದೆ, ಯಾವ ಸರದ ಮಣಿಯೋ ನಮಗೆ ತಿಳೀಲಿಲ್ಲ ಅಂದಳು. ನಾನು ಕೈಯಲ್ಲಿ ಹಿಡಿದು ತಿರುಗಿಸಿದೆ. ಇಪ್ಪತ್ತರ ಮೇಲೆ ಹಲ್ಲಿನ ಗುರುತು.

ಅದು ಯಾರ ಜೇಬಿನಲ್ಲಿತ್ತು ಅಂತ ಕೇಳಿದೆ. ಅವಳು ನನ್ನನ್ನ ಹಿಂದಿನ ದಿಬ್ಬಕ್ಕೆ ಕರಕೊಂಡು ಹೋದಳು. ಗುರುತು ಸಿಗದವರ ಸಾಲು. ಹುಲ್ಲು ಬೆಳೆದಿದೆ, ಶುಚಿಯಾಗಿ ಇಟ್ಟಿದ್ದಾರೆ. ಅಲ್ಲಿಂದ ನದಿ ಕಾಣುತ್ತೆ. ಇಷ್ಟೆಲ್ಲ ಸಲ ಆ ದಿಬ್ಬದ ಕೆಳಗೇ ನಾನು ಬಸ್ಸು ಹತ್ತಿದ್ದೆ ಅಣ್ಣ. ಛತ್ರಿ ಎತ್ತಿ ಹಿಡಿದು.

ನೀನು ದಿನಾ ಆ ಟಪಾಲು ಡಬ್ಬಿ ಎದುರು ಕೂರ್ತೀಯ. ಬಾಗಿಲಿಗೆ ಬೀಗ ಹಾಕಲ್ಲ. ಈ ಸುದ್ದಿ ಕೊಟ್ಟರೆ ನಾಳೆಯಿಂದ ಎಲ್ಲಿ ಕೂರ್ತೀಯ ಅಂತ ಯೋಚಿಸಿದೆ. ಅತ್ತೆ ಇರಲಿಲ್ವಾ, ಒಂದು ನಕ್ಷತ್ರದ್ದು ಓದಿಕೊಂಡು, ಸಾಯೋವರೆಗೂ. ಅವಳಿಗೇನು ಕಡಿಮೆಯಾಯ್ತು. ಹಾಗೆ ಅಂದುಕೊಂಡೆ.

ಕೈ ಇನ್ನೂ ಹಾಗೇ ಇಟ್ಟಿದೀಯಲ್ಲ.

ಸರಿ. ಚೀಲದ ಒಳಜೇಬಲ್ಲಿದೆ. ಇದು ದಾಳ, ಮೊದಲು ಇದನ್ನ ಹಿಡಿ. ...ಇದು ಹಾಳೆ. ಎರಡು ನಕ್ಷತ್ರದ್ದು. ಮೇಲೆ ಏನೂ ಇಲ್ಲ, ಡ್ರ್ಯಾಗನ್ ಇಲ್ಲ, ಕಪ್ಪೆ ಇಲ್ಲ. ಬರೆಯೋಕೆ ಆಗಲಿಲ್ಲ. ಪೂರ್ತಿ ಖಾಲಿ, ಮೂಲೆ ಒಂದೇ ಇದೆ. ನಿನ್ನ ಋಣ ಇತ್ತು ನನ್ನ ಮೇಲೆ, ತಲೆ ಮುಟ್ಟಿದ್ದೆ. ತಗೋ.

...ನಾನೇ ಓದಬೇಕಾ? ಓದೋದು ಕಥೆ ನಡೆಸೋನ ಕೆಲಸ ಅಲ್ವಾ.

...ಆಯ್ತು. ಕೊಡು ಇಲ್ಲಿ. ನಕ್ಷೆ ಮೇಲಿಂದ ಅವಳ ಗುಂಡಿ ಎತ್ತಿಕೊಂಡೆಯಲ್ಲ, ದಾಳದ ಜೊತೆ ಅದನ್ನ ಹಾಗೇ ಮುಷ್ಟಿಯಲ್ಲಿ ಹಿಡ್ಕೊಂಡಿರು, ಬಿಡಬೇಡ.

'ಖಚಿತ ಸುದ್ದಿ. ಮೂರು ಸೇತುವೆಯ ಊರಿನ ಅಂಬಿಗಿತ್ತಿ ತನ್ನ ದೋಣಿ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಅವಳು ಮಲಗಿರುವ ಜಾಗವನ್ನು ಪತ್ರಿಕೆಯ ವರದಿಗಾರ್ತಿ ಕಣ್ಣಾರೆ ಕಂಡು ಬಂದಿದ್ದಾಳೆ. ಈ ಸುದ್ದಿಗೆ ತಿದ್ದುಪಡಿ ಇರುವುದಿಲ್ಲ.'